ನಮ್ಮ ನಾಡಿಗೆ ಇಂಗ್ಲಿಷ್ ಶಬ್ದಗಳು ಬಂದ ದಾರಿ: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಒಂದು ಇತಿಹಾಸ ನೋಟ

ಹಳ್ಳಿಯ ಒಂದು ಸರಕಾರಿ ಪ್ರೌಢಶಾಲೆ ಐವತ್ತು ವರ್ಷ ಪೂರೈಸಿದೆಯೆಂದರೆ ಅದು ಒಂದು ಊರಿನ ಎರಡು ತಲೆಮಾರುಗಳನ್ನು ಕೈಹಿಡಿದು ನಡೆಸಿದೆ ಎಂದೇ ಅರ್ಥ. ಈ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಭೂಮಿ ಕೊಟ್ಟ ದಾನಿಗಳನ್ನು, ಕಲಿಸಿದ ಗುರುಗಳನ್ನು, ಹೆಸರು ತಂದ ವಿದ್ಯಾರ್ಥಿಗಳನ್ನು ಅನೇಕರು ನೆನೆಯುತ್ತಾರೆ. ನಾನು ಈ ಲೇಖನಕ್ಕೆ ಆರಿಸಿಕೊಂಡದ್ದು ಎಲ್ಲ ತಂಡಗಳ ವಿದ್ಯಾರ್ಥಿಗಳಿಗೂ ಪರಿಚಯವಿರುವ ಒಂದು ಹೆದರಿಕೆಯ ಕಥೆ. ಅದು ಇಂಗ್ಲಿಷಿನ ಹೆದರಿಕೆ. ‘ಇಂಗ್ಲಿಷ್ ಒಂದು ದಾಟಿದರ ಪಾಸಾದಂಗ’ ಎಂಬ ಮಾತನ್ನು ನಮ್ಮ ಭಾಗದ ಪ್ರತಿ ಹೈಸ್ಕೂಲಿನ ಕಟ್ಟೆಯೂ ಕೇಳಿದೆ.

ಆದರೆ ಇದರಲ್ಲಿ ಒಂದು ವಿಚಿತ್ರವಿದೆ. ಇಂಗ್ಲಿಷ್ ಬಾರದು ಎನ್ನುವ ಹುಡುಗನೇ ಮನೆಯಲ್ಲಿ ಬಸ್ಸು, ಟಿಕೀಟು, ಮೋಟರು, ಸ್ವಿಚ್ಚು, ಪೈಪು, ಸೊಸಾಯಿಟಿ, ಡೆಪಾಸಿಟ್ಟು, ಫೋನು, ಚಾರ್ಜು ಎಂದು ದಿನವೆಲ್ಲ ಇಂಗ್ಲಿಷ್ ಶಬ್ದಗಳನ್ನೇ ಆಡುತ್ತಾನೆ. ಅವನ ಅಜ್ಜಿಯ ಮಾತಿನಲ್ಲೂ ಇಂಥ ಹತ್ತಾರು ಶಬ್ದಗಳಿವೆ. ಬಾಯಲ್ಲಿ ಇಷ್ಟು ಶಬ್ದ ಇರುವವರು ಪುಸ್ತಕದ ಎದುರು ಏಕೆ ಮೂಕರಾಗುತ್ತಾರೆ? ಇದಕ್ಕೆ ಉತ್ತರ ಮಕ್ಕಳ ಬುದ್ಧಿಯಲ್ಲಿ ಇಲ್ಲ. ಈ ಭಾಷೆ ನಮ್ಮ ನಾಡಿಗೆ ಬಂದ ದಾರಿಯಲ್ಲಿ ಇದೆ. ಆ ದಾರಿಯನ್ನು ಒಮ್ಮೆ ಹಿಂದಿರುಗಿ ನೋಡೋಣ.

1824: ಯುದ್ಧ ಮತ್ತು ನಿಘಂಟು

1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತನು. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ರಾಣಿ ಚನ್ನಮ್ಮ ಬೈಲಹೊಂಗಲದಲ್ಲಿ ಬಂಧನದಲ್ಲಿದ್ದು 1829ರ ಫೆಬ್ರುವರಿ 2ರಂದು ತೀರಿಕೊಂಡಳು. ಇದು ನಮ್ಮ ಮಕ್ಕಳಿಗೆಲ್ಲ ಗೊತ್ತಿರುವ ಇತಿಹಾಸ. ಇದರಲ್ಲಿ ಭಾಷೆಯ ಒಂದು ಎಳೆಯೂ ಇದೆ. ದತ್ತಕ ಒಪ್ಪಬೇಕೋ ಬೇಡವೋ, ಸಂಸ್ಥಾನ ಉಳಿಯಬೇಕೋ ಬೇಡವೋ ಎಂಬ ಮಾತು ಧಾರವಾಡ ಹಾಗೂ ಮುಂಬಯಿಯ ಅಧಿಕಾರಿಗಳ ನಡುವೆ ಇಂಗ್ಲಿಷಿನಲ್ಲಿ ನಡೆಯಿತು. ಯಾರ ನೆಲದ ಬಗ್ಗೆ ಆ ಕಾಗದ ಬರೆಯಲಾಗುತ್ತಿತ್ತೋ ಆ ಜನರಿಗೆ ಆ ಭಾಷೆ ಓದಲು ಬರುತ್ತಿರಲಿಲ್ಲ. ನಮ್ಮ ನಾಡಿಗೆ ಇಂಗ್ಲಿಷಿನ ಮೊದಲ ಪರಿಚಯ ಆಳುವವರ ಭಾಷೆಯಾಗಿ ಆಯಿತು, ಕಲಿಯುವವರ ಭಾಷೆಯಾಗಿ ಅಲ್ಲ. ಹೆದರಿಕೆಯ ಬೇರು ಅಲ್ಲಿಂದಲೇ ಇಳಿದಿದೆ ಎಂದರೆ ತಪ್ಪಾಗಲಾರದು.

ಅದೇ 1824ರಲ್ಲಿ ಇನ್ನೊಂದು ಕೆಲಸ ನಡೆಯಿತು. ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ವಿಲಿಯಂ ರೀವ್ ಸಿದ್ಧಪಡಿಸಿದ ಇಂಗ್ಲಿಷ್-ಕನ್ನಡ ನಿಘಂಟು ಮದ್ರಾಸಿನಲ್ಲಿ ಅಚ್ಚಾಯಿತು. 1832ರಲ್ಲಿ ಅವರದೇ ಕನ್ನಡ-ಇಂಗ್ಲಿಷ್ ನಿಘಂಟು ಬಂದಿತು. ಒಂದು ಕಡೆ ತೋಪುಗಳು ಮಾತನಾಡುತ್ತಿದ್ದಾಗ ಇನ್ನೊಂದು ಕಡೆ ಎರಡು ಭಾಷೆಯ ಶಬ್ದಗಳು ಪಕ್ಕಪಕ್ಕದಲ್ಲಿ ಕೂತವು. ಕಿತ್ತೂರಿನಲ್ಲಿ ಸೆರೆ ಸಿಕ್ಕ ಇಂಗ್ಲಿಷ್ ಅಧಿಕಾರಿಗಳಲ್ಲಿ ತರುಣ ವಾಲ್ಟರ್ ಎಲಿಯಟ್ ಒಬ್ಬನಾಗಿದ್ದ. ಬಿಡುಗಡೆಯಾದ ಮೇಲೆ ಇದೇ ಎಲಿಯಟ್ ಕನ್ನಡ ನಾಡಿನ ಶಾಸನಗಳನ್ನು ಪ್ರತಿ ಮಾಡಿಸಿದ, ಧಾರವಾಡದಲ್ಲಿ ಕನ್ನಡ ಶಾಲೆಗಾಗಿ ಶ್ರಮಿಸಿದ. ಇತಿಹಾಸದ ತಿರುವುಗಳು ಹೀಗಿರುತ್ತವೆ.

ಸಂತೆಯಿಂದ, ಕಚೇರಿಯಿಂದ, ಗಿರಣಿಯಿಂದ

ಸಾಮಾನ್ಯ ಜನ ಇಂಗ್ಲಿಷನ್ನು ಪುಸ್ತಕದಿಂದ ಕಲಿಯಲಿಲ್ಲ. ಕಚೇರಿಯ ಬಾಗಿಲಲ್ಲಿ, ಅರಳೆಯ ಪೇಟೆಯಲ್ಲಿ ಕಿವಿಯಿಂದ ಕಲಿತರು. ಮಾಮಲೇದಾರ, ಅರ್ಜಿ ಎಂಬ ಪಾರಸಿ-ಅರಬ್ಬಿ ಮೂಲದ ಶಬ್ದಗಳು ಮೊದಲೇ ಇದ್ದವು. ಅವುಗಳ ಪಕ್ಕಕ್ಕೆ ಕಲೆಕ್ಟರ, ಕೋರ್ಟು, ಸ್ಟ್ಯಾಂಪು, ಪೋಲೀಸ, ವಾರಂಟು ಬಂದು ನಿಂತವು.

ಅರಳೆ ತಂದ ಶಬ್ದಗಳು ಇನ್ನೂ ಸ್ವಾರಸ್ಯದವು. 1840ರ ದಶಕದಲ್ಲಿ ಧಾರವಾಡ ಸೀಮೆಯಲ್ಲಿ ಅಮೆರಿಕೆಯ ನ್ಯೂ ಆರ್ಲಿಯನ್ಸ್ ತಳಿಯ ಹತ್ತಿ ಬೀಜ ಬಿತ್ತಿಸಲಾಯಿತು. ಮುಂದೆ ‘ಧಾರವಾರ್-ಅಮೆರಿಕನ್’ ಎಂಬ ಹೆಸರಿನಿಂದಲೇ ಆ ಅರಳೆ ಇಂಗ್ಲೆಂಡಿನ ಪೇಟೆಗೆ ಹೋಯಿತು. 1861ರಿಂದ 1865ರವರೆಗೆ ಅಮೆರಿಕೆಯಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿನ ಅರಳೆ ನಿಂತು ನಮ್ಮ ಎರೆಭೂಮಿಯ ಅರಳೆಗೆ ಬೆಲೆ ಏರಿತು. ಬೀಜ ಬಿಡಿಸುವ ಯಂತ್ರದೊಂದಿಗೆ ‘ಜಿನ್ನು’ ಎಂಬ ಶಬ್ದ ಬಂತು. ಒತ್ತಿ ಕಟ್ಟುವ ಯಂತ್ರದೊಂದಿಗೆ ‘ಪ್ರೆಸ್ಸು’ ಮತ್ತು ‘ಬೇಲು’ ಬಂದವು. ಬೈಲಹೊಂಗಲದ ಅರಳೆ ಪೇಟೆಗೆ ಗಾಡಿ ಹೊಡೆದುಕೊಂಡು ಹೋದ ರೈತನಿಗೆ ಈ ಶಬ್ದಗಳ ಸ್ಪೆಲಿಂಗ್ ಬೇಕಿರಲಿಲ್ಲ, ಅರ್ಥ ಪಕ್ಕಾ ಗೊತ್ತಿತ್ತು.

‘ಜಿನ್ನು’ ಎನ್ನುವುದು ‘ಇಂಜಿನ್’ ಶಬ್ದದ ಮೊಟಕು ರೂಪ. ಬಾವಿಯ ಮೇಲಿನ ಇಂಜಿನ್ನು, ಗಿರಣಿಯ ಜಿನ್ನು, ಒಂದೇ ತಾಯಿಯ ಎರಡು ಮಕ್ಕಳು. ಅರಳೆಯ ‘ಬೇಲು’ ಮತ್ತು ಕೋರ್ಟಿನ ‘ಬೇಲು’ ಮಾತ್ರ ಹಾಗಲ್ಲ. ಕಿವಿಗೆ ಒಂದೇ ಆದರೂ ಬರಹದಲ್ಲಿ ಅವುಗಳ ಅಕ್ಷರ ಬೇರೆ, ಅರ್ಥ ಬೇರೆ. ಕಿವಿಯಿಂದ ಕಲಿತ ಇಂಗ್ಲಿಷಿನ ಬಲವೂ ಮಿತಿಯೂ ಈ ಎರಡು ಉದಾಹರಣೆಗಳಲ್ಲಿದೆ. ಕಿವಿ ಶಬ್ದವನ್ನು ತಂದುಕೊಡುತ್ತದೆ. ಅದನ್ನು ಓದಿ ಗುರುತಿಸಲು ಮಾತ್ರ ಕಣ್ಣು ಪಳಗಬೇಕು. ಆ ಕೆಲಸಕ್ಕೆ ಶಾಲೆ ಬೇಕು.

ಮುಂದೆ ಸವದತ್ತಿ ತಾಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದಾಗ ಡ್ಯಾಮು, ಗೇಟು, ಕೆನಾಲು, ಕ್ವಾರ್ಟರ್ಸು ಎಂಬ ಶಬ್ದಗಳು ಮನೆಮಾತಾದವು. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ ಕಬ್ಬಿನ ಜೊತೆ ಶೇರು, ಕ್ರಶಿಂಗು, ಸೀಜನ್ನು ಎಂಬ ಮಾತುಗಳನ್ನು ಬೆಳೆಸಿತು. ಮುಗಟಖಾನ ಹುಬ್ಬಳ್ಳಿ ಎಂಬ ಊರ ಹೆಸರೇ ಇಂಗ್ಲಿಷಿನ ಎರಡಕ್ಷರಕ್ಕೆ ಇಳಿದು ‘ಎಂ.ಕೆ.’ ಆಗಿದೆ ಎಂದ ಮೇಲೆ ಬೇರೆ ಸಾಕ್ಷಿ ಏಕೆ ಬೇಕು?

ಕನ್ನಡ ಸಾಲಿ, ಇಂಗ್ಲಿಷ್ ಸಾಲಿ

ಶಾಲೆಯ ದಾರಿ ಮಾತ್ರ ಇಷ್ಟು ಸುಲಭವಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಬೆಳಗಾವಿ-ಧಾರವಾಡ ಸೀಮೆಯ ಕಚೇರಿಯಲ್ಲೂ ಶಾಲೆಯಲ್ಲೂ ಮರಾಠಿಯದೇ ಮೇಲುಗೈ. ರಾಮದುರ್ಗವು ಭಾವೆ ಮನೆತನದ ಸಂಸ್ಥಾನವಾಗಿತ್ತು. ಬೈಲಹೊಂಗಲ ಭಾಗ ಸಂಪಗಾವಿ ತಾಲೂಕಿನಲ್ಲಿ, ಸವದತ್ತಿ ಭಾಗ ಪರಸಗಡ ತಾಲೂಕಿನಲ್ಲಿ ಇದ್ದವು. ಕನ್ನಡದ ಹುಡುಗನೊಬ್ಬ ಇಂಗ್ಲಿಷಿಗೆ ಹೋಗಬೇಕಾದರೆ ನಡುವೆ ಮರಾಠಿಯ ಹೊಳೆ ದಾಟಬೇಕಿತ್ತು.

1854ರ ವುಡ್ ವರದಿಯ ನಂತರ ಮುಂಬಯಿ ಪ್ರಾಂತದಲ್ಲಿ ಶಿಕ್ಷಣ ಇಲಾಖೆ ರೂಪುಗೊಂಡಿತು. ಆ ಇಲಾಖೆಯಲ್ಲಿ ಡೆಪ್ಯುಟಿ ಇನ್ಸ್‌ಪೆಕ್ಟರ್ ಆಗಿದ್ದ ಧಾರವಾಡದ ಚನ್ನಬಸಪ್ಪನವರು ಈ ಭಾಗದ ಶಾಲೆಗಳಿಗೆ ಕನ್ನಡವನ್ನು ತಂದರು. ಅವರ ಹುದ್ದೆಯ ಇಂಗ್ಲಿಷ್ ಶಬ್ದವೇ ಹೆಸರಿಗೆ ಅಂಟಿಕೊಂಡು ಅವರು ‘ಡೆಪ್ಯುಟಿ ಚನ್ನಬಸಪ್ಪ’ ಎಂದೇ ಪ್ರಸಿದ್ಧರು. ಇಂಗ್ಲಿಷ್ ಚೆನ್ನಾಗಿ ಕಲಿತ ಅವರು ಶೇಕ್ಸ್‌ಪಿಯರನ ನಾಟಕವೊಂದನ್ನು ‘ನಗದವರನ್ನು ನಗಿಸುವ ಕಥೆ’ ಎಂದು ಕನ್ನಡಕ್ಕೆ ತಂದರು. ಇಂಗ್ಲಿಷ್ ಕಲಿತರೆ ಕನ್ನಡ ಕೆಡುತ್ತದೆ ಎನ್ನುವವರಿಗೆ, ಕನ್ನಡದಲ್ಲಿ ಓದಿದರೆ ಇಂಗ್ಲಿಷ್ ಬಾರದು ಎನ್ನುವವರಿಗೆ, ಇಬ್ಬರಿಗೂ ಅವರ ಬಾಳೇ ಉತ್ತರ.

ಆ ಕಾಲದ ವ್ಯವಸ್ಥೆ ಹೀಗಿತ್ತು. ಕನ್ನಡ ಸಾಲಿಯಲ್ಲಿ ನಾಲ್ಕು ಇಯತ್ತೆ ಮುಗಿಸಿ, ಅನುಕೂಲ ಇದ್ದವರು ‘ಇಂಗ್ಲಿಷ್ ಮೊದಲನೇ ಇಯತ್ತೆ’ಗೆ ಸೇರುತ್ತಿದ್ದರು. ಅಲ್ಲಿಂದ ಏಳು ಇಯತ್ತೆ ದಾಟಿದರೆ ಮುಂಬಯಿ ವಿಶ್ವವಿದ್ಯಾಲಯದ ಮ್ಯಾಟ್ರಿಕ್. ಅನುಕೂಲ ಇಲ್ಲದವರು ಕನ್ನಡದಲ್ಲೇ ಏಳನೆಯ ಇಯತ್ತೆವರೆಗೆ ಓದಿ ಮುಲ್ಕಿ ಪರೀಕ್ಷೆ ಕಟ್ಟಿ ಸಾಲಿಮಾಸ್ತರಿಕೆಗೋ ತಲಾಟಿಕೆಗೋ ಹೋಗುತ್ತಿದ್ದರು. ಇಂಗ್ಲಿಷ್ ಸಾಲಿ ಇದ್ದದ್ದು ಬೆಳಗಾವಿ, ಧಾರವಾಡದಂಥ ದೊಡ್ಡ ಊರುಗಳಲ್ಲಿ. ಹುಬ್ಬಳ್ಳಿ-ಲೋಂಡಾ ರೈಲು ದಾರಿಯೂ ನಮ್ಮ ನಾಲ್ಕು ಊರುಗಳನ್ನು ಬಿಟ್ಟು ದೂರದಿಂದ ಹಾಯ್ದು ಹೋಯಿತು. ಅಲ್ಲಿಗೆ ಮಗನನ್ನು ಕಳಿಸಿ, ಊಟ-ವಸತಿಗೆ ದುಡ್ಡು ಹೊಂದಿಸುವ ಶಕ್ತಿ ಎಷ್ಟು ಒಕ್ಕಲು ಮನೆಗಳಿಗೆ ಇತ್ತು? ಮಗಳನ್ನು ಕಳಿಸುವ ಮಾತಂತೂ ದೂರವೇ ಉಳಿಯಿತು. ಹೀಗೆ ಇಂಗ್ಲಿಷ್ ಶಬ್ದಕ್ಕೆ ಜಾತಿ, ಹಣ, ಊರು ಎಂಬ ಮೂರು ಬೇಲಿಗಳು ಬಿದ್ದವು.

ಬೇಲಿ ಕಿತ್ತವರು

ಈ ಬೇಲಿಯನ್ನು ಮುರಿದವರಲ್ಲಿ ಮೊದಲು ನೆನೆಯಬೇಕಾದವರು ನಮ್ಮ ಸವದತ್ತಿ ತಾಲೂಕಿನ ಶಿರಸಂಗಿಯ ದೇಸಾಯಿ ಲಿಂಗರಾಜರು. 1861ರಲ್ಲಿ ಹುಟ್ಟಿ 1906ರಲ್ಲಿ ತೀರಿಕೊಂಡ ಅವರು ತಮ್ಮ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ವಿದ್ಯೆಗಾಗಿ ಬಿಟ್ಟುಹೋದರು. ಆ ನಿಧಿಯ ನೆರವಿನಿಂದ ಹಳ್ಳಿಗಳ ಎಷ್ಟೋ ಹುಡುಗರು ಹೈಸ್ಕೂಲು, ಕಾಲೇಜು ಕಂಡರು. ಜನ ಅವರನ್ನು ತ್ಯಾಗವೀರ ಎಂದು ಕರೆದದ್ದು ಸುಮ್ಮನೆ ಅಲ್ಲ. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿ ಆರಂಭವಾಯಿತು. ಅದು ಮೊದಲು ತೆರೆದದ್ದು ಒಂದು ಆಂಗ್ಲೋ-ವರ್ನಾಕ್ಯುಲರ್ ಶಾಲೆ. 1933ರಲ್ಲಿ ಅದೇ ಸಂಸ್ಥೆ ತೆರೆದ ಕಾಲೇಜಿಗೆ ಲಿಂಗರಾಜರ ಹೆಸರು ಇಟ್ಟಿತು. 1917ರಲ್ಲಿ ಧಾರವಾಡಕ್ಕೆ ಕರ್ನಾಟಕ ಕಾಲೇಜು ಬಂದಿತು. ಪುಣೆ, ಮುಂಬಯಿಗೆ ಹೋಗದೆ ನಮ್ಮ ನೆಲದಲ್ಲೇ ಉನ್ನತ ಶಿಕ್ಷಣ ಸಿಗುವಂತಾಯಿತು.

ಶಬ್ದಕೋಶದ ಕೆಲಸವೂ ಜೊತೆಗೇ ಬೆಳೆಯಿತು. ಫರ್ಡಿನಾಂಡ್ ಕಿಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾಯಿತು. 1946ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್-ಕನ್ನಡ ನಿಘಂಟು ಬಂತು. ಮುಂದೆ ಪ್ರೊ. ಜಿ. ವೆಂಕಟಸುಬ್ಬಯ್ಯನವರ ನಿಘಂಟು ಎಷ್ಟೋ ಮಾಸ್ತರರ ಟೇಬಲ್ಲಿನ ಮೇಲೆ ಜಾಗ ಪಡೆಯಿತು.

ಎಂಟನೆಯ ಇಯತ್ತೆಯಿಂದ ಒಂದನೆಯ ತರಗತಿಗೆ

ಸ್ವಾತಂತ್ರ್ಯದ ನಂತರ 1948ರ ಮಾರ್ಚಿನಲ್ಲಿ ರಾಮದುರ್ಗ ಸಂಸ್ಥಾನ ವಿಲೀನವಾಯಿತು. ಆಗಿನ ಮುಂಬಯಿ ಸರಕಾರ ಇಂಗ್ಲಿಷನ್ನು ಕೆಳಗಿನ ತರಗತಿಗಳಿಂದ ತೆಗೆದು ಎಂಟನೆಯ ಇಯತ್ತೆಯಿಂದ ಆರಂಭಿಸಿತು. ಮಾತೃಭಾಷೆ ಗಟ್ಟಿಯಾಗಲಿ ಎಂಬುದು ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ಹದಿಮೂರು ವರ್ಷದವರೆಗೆ ಎ, ಬಿ, ಸಿ ಕಾಣದ ಹುಡುಗ ಮೂರು ನಾಲ್ಕು ವರ್ಷಗಳಲ್ಲಿ ಎಸ್.ಎಸ್.ಸಿ. ಪರೀಕ್ಷೆಗೆ ಕೂಡಬೇಕಿತ್ತು. 1956ರ ಏಕೀಕರಣದ ಬಳಿಕ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಇಂಗ್ಲಿಷ್ ಐದನೆಯ ತರಗತಿಗೆ ಇಳಿಯಿತು. 2007-08ರಿಂದ ಕನ್ನಡ ಶಾಲೆಗಳಲ್ಲಿಯೂ ಒಂದನೆಯ ತರಗತಿಯಿಂದ ಅದನ್ನು ಒಂದು ಭಾಷೆಯಾಗಿ ಕಲಿಸಲು ಆರಂಭವಾಯಿತು. ಒಂದೇ ಮನೆಯಲ್ಲಿ ಅಜ್ಜ ಎಂಟಕ್ಕೆ, ಅಪ್ಪ ಐದಕ್ಕೆ, ಮಗಳು ಒಂದಕ್ಕೆ ಇಂಗ್ಲಿಷ್ ತೊಡಗಿದ ಕುಟುಂಬಗಳು ನಮ್ಮ ನಡುವೆ ಇವೆ.

ನಮ್ಮಂಥ ಸರಕಾರಿ ಪ್ರೌಢಶಾಲೆಗಳ ಬೆಲೆ ತಿಳಿಯುವುದು ಇಲ್ಲಿಯೇ. ಲಿಂಗರಾಜರ ಕಾಲದಲ್ಲಿ ಧಾರವಾಡಕ್ಕೆ ಹೋದವನಿಗೆ ಮಾತ್ರ ಸಿಗುತ್ತಿದ್ದ ಇಂಗ್ಲಿಷ್ ಪಾಠ ಹೊಲದ ದಾರಿಯ ತುದಿಗೆ ಬಂತು. ಕಳೆ ತೆಗೆದು ಬಂದ ಹುಡುಗಿ, ದನ ಕಟ್ಟಿ ಬಂದ ಹುಡುಗ, ಮಗ್ಗದ ಮನೆಯ ಮಕ್ಕಳು ಒಂದೇ ಬೆಂಚಿನ ಮೇಲೆ ಕೂತು ಒಂದೇ ಪದ್ಯ ಓದಿದರು. ಮೂರು ಬೇಲಿಗಳಲ್ಲಿ ಊರಿನ ಬೇಲಿಯನ್ನು ಸರಕಾರಿ ಪ್ರೌಢಶಾಲೆ ಪೂರ್ತಿ ಕಿತ್ತಿತು, ಉಳಿದೆರಡನ್ನು ತಗ್ಗಿಸಿತು.

ಶಬ್ದ ಕಲಿಸಿದ ಬಗೆಗಳು

ಹಳೆಯ ಬಗೆ ಎಂದರೆ ಶಬ್ದಾರ್ಥದ ಕಂಠಪಾಠ. ಫಳಿಯ ಮೇಲೆ ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ. ಬರೆದುಕೊಂಡು ಮರುದಿನ ಒಪ್ಪಿಸಬೇಕು. ಒಪ್ಪಿಸಿದ ಶಬ್ದ ಪರೀಕ್ಷೆಯವರೆಗೆ ಇರುತ್ತಿತ್ತು, ಆಮೇಲೆ ಹಾರಿಹೋಗುತ್ತಿತ್ತು. ಇದು ಮಕ್ಕಳ ದೋಷವಲ್ಲ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಎಂಬ ವಿದ್ವಾಂಸ 1885ರಲ್ಲೇ ತನ್ನ ಮೇಲೆ ಪ್ರಯೋಗ ಮಾಡಿಕೊಂಡು, ಕಲಿತದ್ದರ ಬಹುಭಾಗ ಮೊದಲ ಒಂದೆರಡು ದಿನಗಳಲ್ಲೇ ಮರೆಯುತ್ತದೆ, ಬಿಡುವು ಕೊಟ್ಟು ಮತ್ತೆ ಮತ್ತೆ ನೆನೆದರೆ ಉಳಿಯುತ್ತದೆ ಎಂದು ತೋರಿಸಿದ್ದ.

ನಮ್ಮ ದೇಶದಲ್ಲೇ ಇದ್ದು ಯೋಚಿಸಿದ ಇನ್ನೊಬ್ಬರು ಮೈಕೆಲ್ ವೆಸ್ಟ್. ಅವರು ಬಂಗಾಲದ ಢಾಕಾದಲ್ಲಿ ಶಿಕ್ಷಕರ ತರಬೇತಿಯ ಕೆಲಸದಲ್ಲಿದ್ದರು. ಬಡ ಮಕ್ಕಳು ನಡುವೆಯೇ ಶಾಲೆ ಬಿಡುವುದನ್ನು ಕಂಡು ಅವರು ಒಂದು ಪ್ರಶ್ನೆ ಹಾಕಿದರು: ಎಂಟನೆಯಲ್ಲಿ ಶಾಲೆ ಬಿಟ್ಟ ಹುಡುಗನಿಗೆ ಅಲ್ಲಿಯವರೆಗೆ ಕಲಿತ ಇಂಗ್ಲಿಷಿನಿಂದ ಏನು ಉಪಯೋಗ? ವಿಮೆಯನ್ನು ನಡುವೆ ನಿಲ್ಲಿಸಿದರೂ ಒಂದಿಷ್ಟು ಹಣ ಮರಳಿ ಬರುವಂತೆ, ನಡುವೆ ಬಿಟ್ಟ ವಿದ್ಯೆಯೂ ಕೈಗೆ ಏನಾದರೂ ಕೊಡಬೇಕು ಎಂಬುದು ಅವರ ವಾದ. ಆದ್ದರಿಂದ ಹೆಚ್ಚು ಬಳಕೆಯ ಶಬ್ದಗಳನ್ನು ಮೊದಲು ಕಲಿಸಿ, ಅವುಗಳಲ್ಲೇ ಕಥೆ ಓದಿಸಬೇಕು ಎಂದರು. 1953ರಲ್ಲಿ ಅವರು ಪ್ರಕಟಿಸಿದ ಪಟ್ಟಿಯಲ್ಲಿ ಸುಮಾರು 2000 ಮೂಲ ಶಬ್ದಗಳಿವೆ. ಸಾಮಾನ್ಯ ಇಂಗ್ಲಿಷ್ ಬರಹದ ಪ್ರತಿ 100 ಪದಗಳಲ್ಲಿ ಸುಮಾರು 80 ಪದ ಈ ಪಟ್ಟಿಯೊಳಗಿನವೇ. ಲಕ್ಷಗಟ್ಟಲೆ ಶಬ್ದಗಳ ಭಾಷೆ ಎಂದು ಹೆದರುವ ನಮ್ಮ ಮಕ್ಕಳಿಗೆ ಇದಕ್ಕಿಂತ ಧೈರ್ಯದ ಮಾತು ಇನ್ನೊಂದಿಲ್ಲ.

ನಮ್ಮ ಪ್ರೌಢಶಾಲೆಗಳ ಹಳೆಯ ವಿದ್ಯಾರ್ಥಿಗಳಿಗೆ ‘ದಿಸ್ ಈಸ್ ಎ ಪೆನ್, ದಟ್ ಈಸ್ ಎ ಬುಕ್’ ಎಂಬ ವಾಕ್ಯಗಳ ಸಾಲು ನೆನಪಿರಬಹುದು. ಶಬ್ದ ಕಡಿಮೆ, ವಾಕ್ಯರಚನೆ ಪಕ್ಕಾ ಎಂಬ ಕ್ರಮ ಅದು. 1963ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ ಎಷ್ಟೋ ಶಿಕ್ಷಕರು ತರಬೇತಿ ಪಡೆದರು. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ನಡೆಸಿದ ಬೆಂಗಳೂರು ಯೋಜನೆ ಜಗತ್ತಿನ ಗಮನ ಸೆಳೆಯಿತು. ನಕಾಶೆ ನೋಡಿ ದಾರಿ ಹೇಳುವುದು, ವೇಳಾಪಟ್ಟಿ ನೋಡಿ ಉತ್ತರ ಹುಡುಕುವುದು ಇಂಥ ಕೆಲಸಗಳ ಮೂಲಕ, ಮನಸ್ಸು ಅರ್ಥದ ಮೇಲಿದ್ದಾಗ ಭಾಷೆ ತಾನಾಗಿ ಬೆಳೆಯುತ್ತದೆ ಎಂಬುದು ಅವರ ನಂಬಿಕೆ. ಅರಳೆ ಪೇಟೆಯ ರೈತ ‘ಬೇಲು’ ಕಲಿತದ್ದೂ ಹೀಗೆಯೇ ಅಲ್ಲವೇ?

ಇತಿಹಾಸ ಹೇಳುವ ಪಾಠ

ಈ ಇನ್ನೂರು ವರ್ಷಗಳ ಕಥೆಯಿಂದ ಇಂದಿನ ವಿದ್ಯಾರ್ಥಿಗಳಿಗೆ, ಕಿರಿಯ ಶಿಕ್ಷಕ ಮಿತ್ರರಿಗೆ ನಾಲ್ಕು ಮಾತು ಸಿಗುತ್ತವೆ.

ಮೊದಲನೆಯದು, ಮನೆಯ ಬಂಡವಾಳದಿಂದ ಆರಂಭಿಸಬೇಕು. ಮಗುವಿನ ಬಾಯಲ್ಲಿ ಆಗಲೇ ಇರುವ ಇಂಗ್ಲಿಷ್ ಶಬ್ದಗಳನ್ನು ಬರೆಸಿ ನೋಡಿ. ಅಡಿಗೆಮನೆ, ಹೊಲ, ಬಸ್‌ಸ್ಟ್ಯಾಂಡು, ದವಾಖಾನೆ, ಬ್ಯಾಂಕು ಎಂದು ವಿಂಗಡಿಸಿದರೆ ಎಂಟನೆಯ ತರಗತಿಯ ಮಗು ಪುಟಗಟ್ಟಲೆ ಬರೆಯುತ್ತದೆ. ನನಗೆ ಏನೂ ಬರುವುದಿಲ್ಲ ಎಂಬ ಮಾತು ಆ ದಿನವೇ ನಿಲ್ಲುತ್ತದೆ. ಆಮೇಲೆ ಅದೇ ಶಬ್ದಗಳ ಸ್ಪೆಲಿಂಗ್, ಅದೇ ಶಬ್ದಗಳ ವಾಕ್ಯ.

ಎರಡನೆಯದು, ನಮ್ಮ ಬಾಯಲ್ಲಿ ಅರ್ಥ ಬದಲಾದ ಶಬ್ದಗಳ ಬಗ್ಗೆ ಎಚ್ಚರ ಬೇಕು. ನಮಗೆ ‘ಹೋಟೆಲ್’ ಎಂದರೆ ಚಹಾ-ಫಳಾರದ ಅಂಗಡಿ, ಇಂಗ್ಲಿಷ್ ಪುಸ್ತಕದಲ್ಲಿ ತಂಗುವ ಜಾಗ. ನಮಗೆ ‘ಸಿಸ್ಟರ್’ ದವಾಖಾನೆಯಲ್ಲಿ ಇರುತ್ತಾಳೆ, ಪುಸ್ತಕದಲ್ಲಿ ಮನೆಯಲ್ಲಿ. ‘ಕರೆಂಟ್’ ತಂತಿಯಲ್ಲೂ ಇದೆ, ಮಲಪ್ರಭೆಯ ಸೆಳವಿನಲ್ಲೂ ಇದೆ. ‘ಬ್ಯಾಂಕ್’ ದುಡ್ಡಿಗೂ ಇದೆ, ಹೊಳೆಯ ದಂಡೆಗೂ ಇದೆ. ಇದನ್ನು ಹೇಳಿಕೊಟ್ಟರೆ ಮಕ್ಕಳಿಗೆ ನಗುವೂ ಬರುತ್ತದೆ, ಅರ್ಥವೂ ಉಳಿಯುತ್ತದೆ.

ಮೂರನೆಯದು, ಶಬ್ದಗಳನ್ನು ಕುಟುಂಬವಾಗಿ ಕಲಿಸಬೇಕು. ಕನ್ನಡದಲ್ಲಿ ಓದು, ಓದುಗ, ಓದಿಸು ಎಂಬುದು ಮಗುವಿಗೆ ಗೊತ್ತು. ಇಂಗ್ಲಿಷಿನ ರೀಡ್, ರೀಡರ್, ರೀಡಬಲ್ ಅದೇ ಜಾಡಿನವು. ನ್ಯಾಯಕ್ಕೆ ‘ಅ’ ಸೇರಿ ಅನ್ಯಾಯ ಆದಂತೆ ‘ಹ್ಯಾಪಿ’ಗೆ ‘ಅನ್’ ಸೇರಿ ‘ಅನ್‌ಹ್ಯಾಪಿ’. ‘ಪೋರ್ಟ್’ ಎಂಬ ಲ್ಯಾಟಿನ್ ಬೇರಿಗೆ ಹೊರು ಎಂಬ ಅರ್ಥವಿದೆ ಎಂದು ತಿಳಿದರೆ ಇಂಪೋರ್ಟ್, ಎಕ್ಸ್‌ಪೋರ್ಟ್, ಟ್ರಾನ್ಸ್‌ಪೋರ್ಟ್ ಮೂರೂ ಒಂದೇ ಏಟಿಗೆ ಸಿಗುತ್ತವೆ. ವ್ಯಾಕರಣ ಗಟ್ಟಿಯಿರುವ ಕನ್ನಡ ವಿದ್ಯಾರ್ಥಿಗೆ ಇದು ಕಷ್ಟವೇ ಅಲ್ಲ. ಕನ್ನಡ ಗಟ್ಟಿ ಇಲ್ಲದವನಿಗೆ ಇಂಗ್ಲಿಷೂ ಗಟ್ಟಿಯಾಗದು.

ನಾಲ್ಕನೆಯದು, ಸ್ವಲ್ಪ ಕಲಿತು ಪದೇ ಪದೇ ನೆನೆಯಬೇಕು. ದಿನಕ್ಕೆ ಐದು ಶಬ್ದ ಕಲಿತು ಮರುದಿನ, ವಾರಕ್ಕೆ, ತಿಂಗಳಿಗೆ ಒಮ್ಮೆ ತಿರುಗಿ ನೋಡಿದರೆ 200 ಶಾಲಾ ದಿನಗಳಿಗೆ 1000 ಶಬ್ದ. ಎಂಟು, ಒಂಬತ್ತು ಎರಡೇ ವರ್ಷಗಳಲ್ಲಿ ವೆಸ್ಟರ ಪಟ್ಟಿಯಷ್ಟು ಶಬ್ದ ಕೈಗೆ ಬರುತ್ತವೆ, ಹತ್ತನೆಯ ವರ್ಷ ಪೂರ್ತಿ ಓದಿಗೆ ಉಳಿಯುತ್ತದೆ. ಇದಕ್ಕೆ ಟ್ಯೂಶನ್ನಿನ ಹಣ ಬೇಡ, ಪಟ್ಟಣದ ಶಾಲೆಯೂ ಬೇಡ. ಒಂದು ನೋಟುಬುಕ್ಕು, ಶಾಲೆಯ ವಾಚನಾಲಯ, ಒಬ್ಬ ಮಾಸ್ತರರ ಅಥವಾ ಬಾಯಿಯವರ ಕಾಳಜಿ ಸಾಕು.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಇಂದು ನಮ್ಮ ಹಳ್ಳಿಗಳಿಂದ ಬೆಳಿಗ್ಗೆ ಹಳದಿ ವ್ಯಾನುಗಳು ಮಕ್ಕಳನ್ನು ಇಂಗ್ಲಿಷ್ ಮಾಧ್ಯಮದ ಶಾಲೆಗಳಿಗೆ ಒಯ್ಯುತ್ತಿವೆ. ತಂದೆತಾಯಿಗಳ ಆಸೆ ತಪ್ಪಲ್ಲ. ಇಂಗ್ಲಿಷ್ ಬಾರದಿದ್ದರೆ ತಮ್ಮ ಬಗ್ಗೆ ಬರೆದ ಕಾಗದವನ್ನೇ ತಾವು ಓದಲಾರೆವು ಎಂಬ 1824ರ ಅನುಭವ ಈ ನಾಡಿನ ರಕ್ತದಲ್ಲಿದೆ. ಆದರೆ ಸರಕಾರಿ ಕನ್ನಡ ಶಾಲೆ ಇಂಗ್ಲಿಷ್ ಶಬ್ದವನ್ನು ಚೆನ್ನಾಗಿ ಕಲಿಸಿ ತೋರಿಸಿದರೆ ಮಾತ್ರ ಆ ಶಾಲೆಯೂ ಉಳಿಯುತ್ತದೆ, ಅದರ ಜೊತೆ ಕನ್ನಡವೂ ಉಳಿಯುತ್ತದೆ. ಕಲಿಸದಿದ್ದರೆ ಕೊಠಡಿಗಳು ಖಾಲಿಯಾಗುತ್ತವೆ, ವ್ಯಾನಿನ ಹಣ ಕೊಡಲಾಗದವರ ಮಕ್ಕಳು ಮಾತ್ರ ಹಿಂದೆ ಉಳಿಯುತ್ತಾರೆ. ಕಿತ್ತುಹಾಕಿದ ಬೇಲಿ ಮತ್ತೆ ಏಳುತ್ತದೆ.

ಇಂಗ್ಲಿಷ್ ನಮಗೆ ಪೂರ್ತಿ ಪರದೇಶಿಯೂ ಅಲ್ಲ. ‘ಶುಗರ್’ ಮತ್ತು ‘ಜ್ಯಾಗರಿ’ ಎಂಬ ಎರಡೂ ಇಂಗ್ಲಿಷ್ ಶಬ್ದಗಳ ಮೂಲ ನಮ್ಮ ‘ಶರ್ಕರ’. ಗಾಣದ ಮನೆಯ ಮಾತು ಕಡಲು ದಾಟಿ ಹೋಗಿ ಪಠ್ಯಪುಸ್ತಕದಲ್ಲಿ ಮರಳಿ ಬಂದಿದೆ. ಶಬ್ದಗಳು ಹೀಗೆ ಕೊಟ್ಟು-ಕೊಂಡು ಬದುಕುತ್ತವೆ.

ಹಳೆಯ ವಿದ್ಯಾರ್ಥಿ ಬಂಧುಗಳಲ್ಲಿ ಒಂದು ವಿನಂತಿ. ಈ ಮಹೋತ್ಸವದ ನೆನಪಿಗೆ ಶಾಲೆಗೆ ಗಡಿಯಾರ, ಫ್ಯಾನು, ಕಮಾನು ಕೊಡುವವರು ಬಹಳ ಜನ ಇದ್ದೀರಿ, ಕೊಡಿರಿ. ಅದರ ಜೊತೆಗೆ ಪ್ರತಿ ತರಗತಿಗೆ ನಾಲ್ಕೈದು ಒಳ್ಳೆಯ ಇಂಗ್ಲಿಷ್-ಕನ್ನಡ ನಿಘಂಟು, ಸುಲಭ ಇಂಗ್ಲಿಷಿನ ಒಂದಿಷ್ಟು ಕಥೆ ಪುಸ್ತಕಗಳನ್ನು ಕೊಡಿರಿ. ಶಿರಸಂಗಿಯ ದೇಸಾಯರು ಇಡೀ ಆಸ್ತಿಯನ್ನೇ ಕೊಟ್ಟ ಸೀಮೆ ಇದು. ನಾವು ಒಂದೊಂದು ಪುಸ್ತಕ ಕೊಟ್ಟರೂ ಶತಮಾನೋತ್ಸವದ ಹೊತ್ತಿಗೆ ಈ ಶಾಲೆಯ ಯಾವ ಮಗುವೂ ಇಂಗ್ಲಿಷ್ ಕಾಗದ ಕಂಡು ಹಿಂದೆ ಸರಿಯದಂತೆ ಮಾಡಬಹುದು.